ದಾರಿಯ ಹೊತ್ತು ಯಾರ ಲೆಕ್ಕಕ್ಕೆ?

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಅಧ್ಯಾಪಕರ ಆಯ್ಕೆಗಾಗಿ ಸಂದರ್ಶನ ನಡೆಯಿತು. ಮೇಜಿನ ಈಚೆ ಕುಳಿತ ನಾಲ್ವರಲ್ಲಿ ನಾನೂ ಒಬ್ಬ. ಪಂಪನನ್ನು ಕುರಿತು, ವಚನಗಳನ್ನು ಕುರಿತು, ಛಂದಸ್ಸನ್ನು ಕುರಿತು ಕೇಳಬೇಕಾದುದನ್ನೆಲ್ಲ ಕೇಳಿ ಮುಗಿದ ಮೇಲೆ, ಕಾಗದಗಳನ್ನು ಮಡಿಸುತ್ತ ಕೇಳುವ ಕೊನೆಯ ಪ್ರಶ್ನೆಯೊಂದುಂಟು, ಅದೂ ಬಂತು. “ಮನೆ ಎಲ್ಲಿ?” ಎಂದರು ನಮ್ಮ ಅಧ್ಯಕ್ಷರು. ಅಭ್ಯರ್ಥಿಯಾಗಿ ಬಂದಿದ್ದ ಹೆಣ್ಣುಮಗಳು “ಹೊಸಕೋಟೆ” ಎಂದಳು. ನಮ್ಮ ಕಾಲೇಜು ಇರುವುದು ಬೆಂಗಳೂರಿನ ಪಡುವಣ ಅಂಚಿನಲ್ಲಿ, ಕೆಂಗೇರಿಯ ಕಡೆ. “ದಿನಾ ಬಂದು ಹೋಗುವುದಕ್ಕೆ ತೊಂದರೆಯಿಲ್ಲವಷ್ಟೆ?” “ತೊಂದರೆಯಿಲ್ಲ ಸಾರ್.” ಅಲ್ಲಿಗೆ ಮುಗಿಯಿತು. ಆಕೆಯನ್ನು ಆರಿಸಿದೆವು. ಒಳ್ಳೆಯ ಆಯ್ಕೆಯೆಂದು ನಮ್ಮನ್ನು ನಾವೇ ಮೆಚ್ಚಿಕೊಂಡೆವು.

ಹೊಸಕೋಟೆಯಿಂದ ಕಾಡುಗೋಡಿಗೆ ಒಂದು ಬಸ್ಸು. ಅಲ್ಲಿಂದ ಮೆಟ್ರೋ ಹತ್ತಿ ಊರಿನ ಮೂಡಣ ತುದಿಯಿಂದ ಪಡುವಣ ತುದಿಗೆ. ಇಳಿದ ಮೇಲೆ ಇನ್ನೊಂದು ಬಸ್ಸು. ಮೂರೂ ಒಂದಕ್ಕೊಂದು ಕೂಡಿಬಂದ ದಿನ ಎರಡು ಗಂಟೆ. ಕೂಡಿಬಾರದ ದಿನ ಎರಡೂವರೆ. ಸಂಜೆ ಮತ್ತೆ ಅಷ್ಟೇ. ಐದನೆಯ ತಿಂಗಳು ಆಕೆ ಕೆಲಸ ಬಿಟ್ಟಳು. ರಾಜೀನಾಮೆಯ ಪತ್ರದಲ್ಲಿ ಕಾರಣವೆಂದು ಬರೆದಿದ್ದುದು ಎರಡೇ ಮಾತು: “ವೈಯಕ್ತಿಕ ಕಾರಣಗಳಿಂದ.”

ಆ ಎರಡು ಮಾತಿನ ಮೇಲೆಯೇ ನನ್ನ ಜಗಳ. ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲಿ ಕಳೆದದ್ದು ಆಕೆಯ ವೈಯಕ್ತಿಕ ವಿಷಯ ಹೇಗಾಯಿತು? ಆಕೆ ಸಂತೆಗೆ ಹೋಗಿದ್ದಳೆ, ನೆಂಟರ ಮನೆಗೆ ಹೋಗಿದ್ದಳೆ? ನಾವು ಗೊತ್ತುಮಾಡಿದ ಜಾಗಕ್ಕೆ, ನಾವು ಗೊತ್ತುಮಾಡಿದ ಹೊತ್ತಿಗೆ ಬಂದಳು. ನಾವು ಬಿಟ್ಟ ಹೊತ್ತಿಗೆ ಹೋದಳು. ಜಾಗವೂ ನಮ್ಮದು, ಗಡಿಯಾರವೂ ನಮ್ಮದು. ನಡುವಣ ದಾರಿ ಮಾತ್ರ ಆಕೆಯದು! ಕೆಲಸಕ್ಕೆಂದು ಎಷ್ಟು ದೂರ ಓಡಾಡುವುದು ಸರಿ ಎಂದು ಈಗ ಮನೆಮನೆಯಲ್ಲಿ ಚರ್ಚೆಯಾಗುತ್ತದೆ. ಒಬ್ಬರು ಮುಕ್ಕಾಲು ಗಂಟೆ ಎನ್ನುತ್ತಾರೆ, ಮತ್ತೊಬ್ಬರು ಒಂದೂವರೆಯಾದರೂ ಅಡ್ಡಿಯಿಲ್ಲ ಎನ್ನುತ್ತಾರೆ. ಖಾರ ಎಷ್ಟು ತಿನ್ನಬಲ್ಲೆ ಎಂಬಂತೆ ಇದನ್ನು ಅವರವರ ಜಾಯಮಾನದ ಪ್ರಶ್ನೆಯಾಗಿ ಮಾಡಿಬಿಟ್ಟಿದ್ದೇವೆ. ಈ ಪ್ರಶ್ನೆಯನ್ನು ಓಡಾಡುವವನಿಗೆ ಕೇಳುವುದೇ ತಪ್ಪು, ಕರೆಸಿಕೊಳ್ಳುವವನಿಗೆ ಕೇಳಬೇಕು ಎಂಬುದು ನನ್ನ ವಾದ. ಕೆಲಸ ಬೇಕಾದವನು “ತೊಂದರೆಯಿಲ್ಲ” ಎಂದೇ ಹೇಳುತ್ತಾನೆ. ಹಸಿದವನನ್ನು ಊಟಕ್ಕೆ ಕೂರಿಸಿ, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದರೆ ಅವನು ಏನೆಂದಾನು?

ನಮ್ಮ ಕನ್ನಡದಲ್ಲಿ ಈ ದಿನನಿತ್ಯದ ಹೋಗಿಬರುವಿಕೆಗೆ ನೆಟ್ಟಗೊಂದು ಹೆಸರೂ ಇಲ್ಲ. ಯಾತ್ರೆಯೆಂದರೆ ಕೊನೆಗೆ ಒಂದು ದೇವರುಂಟು; ಪ್ರವಾಸವೆಂದರೆ ನೋಡುವುದಕ್ಕೆ ಒಂದು ಊರುಂಟು; ಪಯಣವೆಂದರೆ ಬಾಗಿಲಲ್ಲಿ ನಿಂತು ಬೀಳ್ಕೊಡುವವರುಂಟು. ನಿತ್ಯವೂ ಒಂದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವುದಕ್ಕೆ ‘ಓಡಾಟ’ ಎಂದು ಹೇಳಿ ಸುಮ್ಮನಾಗಿದ್ದೇವೆ. ಹೆಸರಿಲ್ಲದ್ದು ಲೆಕ್ಕಕ್ಕೂ ಸಿಕ್ಕುವುದಿಲ್ಲವೆಂದು ಕಾಣುತ್ತದೆ. 2011ರ ಜನಗಣತಿಯಲ್ಲಿ ಮನೆಯಿಂದ ಕೆಲಸದ ಸ್ಥಳ ಎಷ್ಟು ಕಿಲೋಮೀಟರು, ಹೋಗುವುದು ಯಾವ ವಾಹನದಲ್ಲಿ ಎಂದು ಕೇಳಿದರು. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಲಿಲ್ಲ. ಬೆಂಗಳೂರಿನಲ್ಲಿ ಕಿಲೋಮೀಟರೆಂಬುದು ಪುರಾಣದ ಯೋಜನದಂತೆ. ಅದರಿಂದ ಏನೂ ತಿಳಿಯುವುದಿಲ್ಲ. ಟಾಮ್‌ಟಾಮ್ ಎಂಬ ನಕ್ಷೆ ತಯಾರಕರ 2024ರ ಲೆಕ್ಕದಂತೆ ಈ ಊರಿನಲ್ಲಿ 10 ಕಿಲೋಮೀಟರು ಸಾಗುವುದಕ್ಕೆ ಸರಾಸರಿ 34 ನಿಮಿಷ 10 ಸೆಕೆಂಡು ಬೇಕಾಯಿತು. ಗಟ್ಟಿಮುಟ್ಟಾದ ಹುಡುಗನೊಬ್ಬ ಸೈಕಲ್ಲು ತುಳಿದರೂ ಹೆಚ್ಚುಕಡಮೆ ಅಷ್ಟೇ ವೇಗ. ಹಳ್ಳಿಯವರ ‘ಕೂಗಳತೆ’ ಎಂಬ ಅಳತೆ ಇದಕ್ಕಿಂತ ಎಷ್ಟೋ ಪ್ರಾಮಾಣಿಕವಾದದ್ದು. ಗದ್ದೆಯಲ್ಲಿದ್ದವನಿಗೆ ಮನೆಯಿಂದ ಕೂಗಿದರೆ ಕೇಳಬೇಕು, ಅಷ್ಟು ದೂರ.

ಇನ್ನು ಕಾನೂನಿನ ಮಾತು. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಸಂಕಟವಾಯಿತು. ನೌಕರರ ರಾಜ್ಯ ವಿಮಾ ಕಾಯಿದೆಗೆ 2010ರಲ್ಲಿ ಒಂದು ತಿದ್ದುಪಡಿ ತಂದು, ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸದಿಂದ ಮನೆಗೆ ಹಿಂದಿರುಗುವಾಗ ಆದ ಅಪಘಾತವನ್ನು, ಕೆಲಸದೊಡನೆ ಸಂಬಂಧವಿದ್ದಲ್ಲಿ, ಉದ್ಯೋಗದಲ್ಲಿದ್ದಾಗಲೇ ಆದದ್ದೆಂದು ಎಣಿಸುವಂತೆ ಮಾಡಿದರು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ, ನಸುಕಿನ 3 ಗಂಟೆಯ ಪಾಳಿಗೆಂದು ಮೋಟಾರು ಸೈಕಲ್ಲಿನಲ್ಲಿ ಹೊರಟವನು, ಕಾರ್ಖಾನೆಗೆ ಇನ್ನು ಸುಮಾರು 5 ಕಿಲೋಮೀಟರು ಇರುವಾಗ ಅಪಘಾತದಲ್ಲಿ ಸತ್ತ. ಅವನ ಮನೆಯವರು ಪರಿಹಾರ ಕೇಳಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2025ರ ಜುಲೈನಲ್ಲಿ ತೀರ್ಮಾನವಾಯಿತು: ಆ ದಾರಿಯೂ ಉದ್ಯೋಗದ ಭಾಗವೇ ಎಂದು ನ್ಯಾಯಾಲಯ ಹೇಳಿತು. ಅತ್ಯಂತ ನ್ಯಾಯವಾದ ಮಾತು; ಇಪ್ಪತ್ತೆರಡು ವರ್ಷ ತಡವಾಯಿತೆಂಬುದನ್ನು ಬಿಟ್ಟರೆ ಅದರಲ್ಲಿ ಹುಳುಕು ಹುಡುಕುವಂಥದೇನೂ ಇಲ್ಲ. ಆದರೆ ವಾಚಕರು ಇದರ ಇನ್ನೊಂದು ಮಗ್ಗುಲನ್ನು ನೋಡಬೇಕು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಸತ್ತವನು ಕೆಲಸದಲ್ಲಿದ್ದ. ಅದೇ ದಾರಿಯಲ್ಲಿ ಬದುಕಿ ತಲುಪಿದವನು ಕೆಲಸದಲ್ಲಿರಲಿಲ್ಲ! ಹೆಣಕ್ಕೆ ಸಲ್ಲುವ ಲೆಕ್ಕ ಮನುಷ್ಯನಿಗೆ ಸಲ್ಲುವುದಿಲ್ಲ. ಅದೊಂದೇ ದಾರಿಯ ಹೊತ್ತು ಎರಡು ಹೆಸರಿನಲ್ಲಿ ಹೇಗಿರಲು ಸಾಧ್ಯ ಎಂಬುದನ್ನು ಬಲ್ಲವರು ವಿವರಿಸಿದರೆ ಕೃತಜ್ಞನಾಗಿರುತ್ತೇನೆ.

ಲೆಕ್ಕವನ್ನೇ ಹಿಡಿಯೋಣ. ಹೊಸಕೋಟೆಯ ಮಾತು ಬಿಡಿ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದಿಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಇದನ್ನು ಯಾರೂ ಅತಿಶಯೋಕ್ತಿ ಎನ್ನಲಾರರು. ವರ್ಷಕ್ಕೆ 280 ದಿನ ಕೆಲಸವಾದರೆ 840 ಗಂಟೆ. ಎಂಟು ಗಂಟೆಯ ದಿನಗಳಾಗಿ ಒಡೆದರೆ 105 ದಿನ. ಎಂದರೆ ಆ ನೌಕರ ವರ್ಷಕ್ಕೆ 280 ದಿನವಲ್ಲ, 385 ದಿನ ದುಡಿಯುತ್ತಾನೆ. ಪಂಚಾಂಗದಲ್ಲಿ ಅಷ್ಟು ದಿನಗಳಿಲ್ಲದಿರುವುದರಿಂದ ಉಳಿದದ್ದನ್ನು ನಿದ್ದೆಯಿಂದ ಕಡ ತರುತ್ತಾನೆ. ಮೂವತ್ತು ವರ್ಷದ ಸೇವೆಯಲ್ಲಿ ಇದು 25,200 ಗಂಟೆ. ಹಗಲೂ ಇರುಳೂ ಸೇರಿಸಿದರೆ 1,050 ದಿನ, ಹತ್ತಿರಹತ್ತಿರ ಮೂರು ವರ್ಷ. ದಿನಕ್ಕೆ ಎಂಟು ಗಂಟೆಯ ಕೆಲಸವೆಂಬ ನಿಯಮವನ್ನು 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊಟ್ಟಮೊದಲ ಒಪ್ಪಂದವಾಗಿ ಅಂಗೀಕರಿಸಿತು. ಎಂಟು ಕೆಲಸಕ್ಕೆ, ಎಂಟು ವಿಶ್ರಾಂತಿಗೆ, ಎಂಟು ಮನುಷ್ಯನ ಸ್ವಂತಕ್ಕೆ ಎಂಬ ಭಾವನೆ ಅದರ ಹಿಂದೆ ಇತ್ತು. ಈಗ ಈ ಮೂರು ಗಂಟೆಯನ್ನು ಯಾವ ಎಂಟರಿಂದ ಕಳೆಯೋಣ? ಕೆಲಸದ ಎಂಟನ್ನು ಮುಟ್ಟುವಂತಿಲ್ಲ. ಹಾಜರಿಯ ಯಂತ್ರ ಅಲ್ಲಿ ಕಾವಲಿದೆ. ಉಳಿದೆರಡಕ್ಕೆ ಕಾವಲಿಲ್ಲ. ವಾರಕ್ಕೆ 70 ಗಂಟೆ ದುಡಿಯಿರೆಂದು 2023ರಲ್ಲಿಯೂ, 90 ಗಂಟೆಯೆಂದು 2025ರಲ್ಲಿಯೂ ಉದ್ಯಮಿಗಳು ಉಪದೇಶ ಮಾಡಿದರಲ್ಲ, ಆಗ ಅವರನ್ನು ಯಾರೂ ಈ ಒಂದು ಮಾತು ಕೇಳಲಿಲ್ಲವೆಂಬ ವ್ಯಥೆ ನನಗುಂಟು: ಸ್ವಾಮಿ, ದಾರಿಯನ್ನು ಸೇರಿಸಿಯೊ, ಬಿಟ್ಟೊ?

“ದೂರ ಮನೆ ಮಾಡಿಕೊಂಡದ್ದು ಅವರವರ ಇಷ್ಟ, ಹತ್ತಿರ ಬರಬಾರದೇ?” ಎನ್ನುವವರು ಇದ್ದಾರೆ. ಇವರಿಗೆ ನಾನು ಒಂದು ಸಂಸಾರವನ್ನು ಒಪ್ಪಿಸುತ್ತೇನೆ. ಗಂಡನಿಗೆ ಕೆಲಸ ಪೀಣ್ಯದಲ್ಲಿ, ಹೆಂಡತಿಗೆ ವೈಟ್‌ಫೀಲ್ಡಿನಲ್ಲಿ, ಮಗುವಿಗೆ ಶಾಲೆಯ ಸೀಟು ಸಿಕ್ಕಿರುವುದು ಬನಶಂಕರಿಯಲ್ಲಿ, ಮುದಿ ತಾಯಿಗೆ ಔಷಧ ಕೊಡುವ ವೈದ್ಯರು ಮಲ್ಲೇಶ್ವರದಲ್ಲಿ. ಮನೆಯನ್ನು ಎಲ್ಲಿ ಮಾಡಬೇಕು, ಹೇಳಿ. ಎಲ್ಲಿ ಮಾಡಿದರೂ ಒಬ್ಬರಿಗೆ ಹತ್ತಿರವಾಗಿ ಮತ್ತೊಬ್ಬರಿಗೆ ದೂರವಾಗುತ್ತದೆ. ಎಲ್ಲರಿಗೂ ನಟ್ಟನಡುವೆ ಮಾಡೋಣವೆಂದರೆ ಅಲ್ಲಿಯ ಬಾಡಿಗೆ ಇಬ್ಬರ ಸಂಬಳವನ್ನೂ ನುಂಗುತ್ತದೆ. ಇಷ್ಟವೆಂಬ ಮಾತಿಗೆ ಅರ್ಥ ಬರಬೇಕಾದರೆ ಆರಿಸಿಕೊಳ್ಳುವುದಕ್ಕೆ ಎರಡಾದರೂ ಇರಬೇಕು. ಹೊಸಕೋಟೆಯ ಆ ಹೆಣ್ಣುಮಗಳು ಹೊಸಕೋಟೆಯಲ್ಲಿ ಇದ್ದದ್ದು ಕೆರೆಯ ಸೊಬಗಿಗೆ ಮನಸೋತು ಅಲ್ಲ. ನಾವು ಕೊಡುತ್ತಿದ್ದ ಸಂಬಳಕ್ಕೆ ಕೆಂಗೇರಿಯ ಕಡೆ ಸಿಕ್ಕುತ್ತಿದ್ದುದು ಒಂದು ಕೋಣೆ.

ಮುಂಬಯಿಯ ಜನ ಎರಡು ಗಂಟೆ ಓಡಾಡುವುದಿಲ್ಲವೇ, ಅವರು ಗೊಣಗುವುದಿಲ್ಲವಲ್ಲ ಎಂಬುದು ಇನ್ನೊಂದು ವಾದ. ನಮ್ಮ ಕನ್ನಡಿಗರು ಎಷ್ಟೋ ಮಂದಿ ಅಲ್ಲಿ ನೆಲಸಿ, ಆ ಲೋಕಲ್ ಗಾಡಿಗಳಲ್ಲಿಯೇ ಆಯುಷ್ಯ ಸವೆಸಿದವರಿದ್ದಾರೆ. ರಜಕ್ಕೆ ಊರಿಗೆ ಬಂದಾಗ ಅವರು ಗಾಡಿಯೊಳಗಿನ ಭಜನೆಯನ್ನೂ, ಹೆಂಗಸರ ಡಬ್ಬಿಯಲ್ಲಿ ಸಂಜೆಯ ಅಡಿಗೆಗೆ ತರಕಾರಿ ಹೆಚ್ಚುವುದನ್ನೂ ರಸವತ್ತಾಗಿ ಬಣ್ಣಿಸುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ರೈಲಿನಲ್ಲಿ ತರಕಾರಿ ಹೆಚ್ಚುತ್ತಾರೆ ಎಂದರೆ ಮನೆಯಲ್ಲಿ ಹೆಚ್ಚುವುದಕ್ಕೆ ಹೊತ್ತು ಉಳಿದಿಲ್ಲ ಎಂದಲ್ಲವೇ ಅರ್ಥ? ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬೋರಿ ಬಂದರಿನಿಂದ ಠಾಣೆಗೆ ಓಡಿದ್ದು ಅದೇ ಹಾದಿಯಲ್ಲಿ. 2025ರ ಜೂನ್ 9ರಂದು ಅದೇ ಹಾದಿಯ ಮುಂದುವರಿಕೆಯಲ್ಲಿ, ಠಾಣೆಯಾಚೆಯ ಮುಂಬ್ರಾದ ಬಳಿ, ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಜನ ಹಳಿಗೆ ಬಿದ್ದು ಸತ್ತರು. ಅವರೂ ಗೊಣಗಿದವರಲ್ಲ. ಸಹಿಸುವವರು ಇದ್ದಾರೆಂಬುದು ಸಹನೆಗೆ ಸಾಕ್ಷಿಯೇ ಹೊರತು, ಸಹಿಸಿದ್ದು ಯೋಗ್ಯವೆಂಬುದಕ್ಕೆ ಸಾಕ್ಷಿಯಲ್ಲ.

ನಾನು ಕನ್ನಡದ ಮೇಷ್ಟರೆಂದು ತಿಳಿದ ಮಹನೀಯರು ಮತ್ತೊಂದು ಸಮಾಧಾನ ಹೇಳುತ್ತಾರೆ: “ದಾರಿಯಲ್ಲಿ ಪುಸ್ತಕ ಓದಬಹುದಲ್ಲ! ನಿಮ್ಮ ಸಾಹಿತ್ಯಕ್ಕೆ ಲಾಭವೇ.” ಬೆಳಗ್ಗೆ ಎಂಟೂವರೆಗೆ ಮೆಜೆಸ್ಟಿಕ್ಕಿನ ಮೆಟ್ರೋ ನಿಲ್ದಾಣದಲ್ಲಿ ಗಾಡಿ ಬದಲಿಸಿ, ಒಂದು ಕೈಯಲ್ಲಿ ಪಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಬುತ್ತಿಯ ಚೀಲ ಎದೆಗವಚಿಕೊಂಡು ನಿಂತವನಿಗೆ ಕುಮಾರವ್ಯಾಸನ ಪುಟ ತಿರುಗಿಸಲು ಮೂರನೆಯ ಕೈ ಎಲ್ಲಿಂದ ಬರಬೇಕು? ಓದುವವರೇ ಇಲ್ಲವೆಂದು ನಾನು ಹೇಳಲಾರೆ. ಅಂಥ ನೂಕುನುಗ್ಗಲಿನಲ್ಲಿಯೂ ಮೊಬೈಲಿನ ಪರದೆಯ ಮೇಲೆ ಕಾದಂಬರಿ ಓದುತ್ತಿದ್ದ ಹುಡುಗಿಯೊಬ್ಬಳನ್ನು ನೋಡಿ ಸಂತೋಷಪಟ್ಟಿದ್ದೇನೆ. ಆದರೆ ಆ ಗಾಡಿಯಲ್ಲಿ ನಾನು ಕಂಡ ಅತಿ ಸಾಮಾನ್ಯವಾದ ಹವ್ಯಾಸವೆಂದರೆ ನಿಂತುಕೊಂಡೇ ನಿದ್ದೆ ಮಾಡುವುದು. ಅದು ಮುಂದುವರಿಯುವುದನ್ನು ನನ್ನ ಮೊದಲ ಪಾಠದಲ್ಲಿಯೂ ನೋಡುತ್ತೇನೆ. ರಾಮನಗರದ ಆಚೆಯ ಹಳ್ಳಿಯಿಂದ ಬರುವ ಹುಡುಗನೊಬ್ಬ ಮೂರನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದುದಕ್ಕೆ ಒಮ್ಮೆ ಗದರಿದೆ. ಎಷ್ಟು ಗಂಟೆಗೆ ಏಳುತ್ತೀಯೆ ಎಂದು ಕೇಳಬೇಕಾದದ್ದು ಆಗ. ಕೇಳಿದ್ದು ಒಂದು ತಿಂಗಳಾದ ಮೇಲೆ. ನಾಲ್ಕೂವರೆಗೆ ಎಂದ.

ಹಿರಿಯರೊಂದು ಬ್ರಹ್ಮಾಸ್ತ್ರ ಇಟ್ಟುಕೊಂಡಿರುತ್ತಾರೆ. “ನಾವು ಎರಡು ಹರದಾರಿ ನಡೆದು ಹೋಗಿ ಓದಲಿಲ್ಲವೇ?” ಓದಿದಿರಿ, ನಿಜ. ಆದರೆ ಆ ನಡಿಗೆಯನ್ನು ಅಂದಿನ ಸಮಾಜ ಯೋಗ್ಯವೆಂದು ಒಪ್ಪಿಕೊಂಡಿತೆ? ಒಪ್ಪಿಕೊಂಡಿದ್ದರೆ ವಾರಾನ್ನವೆಂಬ ಪದ್ಧತಿ ಏಕೆ ಬಂತು? ಊರೂರಿನಲ್ಲಿ ವಿದ್ಯಾರ್ಥಿನಿಲಯಗಳು ಏಕೆ ಎದ್ದವು? ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಹುಡುಗರಿಗೆ ಅನ್ನವನ್ನೂ ನೆಲೆಯನ್ನೂ ಏಕೆ ಕೊಟ್ಟರು? ಹುಡುಗನ ಕಾಲನ್ನು ಹೊಗಳಿ ಸುಮ್ಮನಾಗದೆ, ಅವನ ಹಾಸಿಗೆಯನ್ನು ಶಾಲೆಯ ಹತ್ತಿರಕ್ಕೆ ತಂದರು. ದೂರಕ್ಕೆ ನಮ್ಮ ಹಿಂದಿನವರು ಕಂಡ ಪರಿಹಾರ ಅದು. ಅವರ ಹೆಸರು ಹೇಳಿಕೊಂಡು ನಾವು ಕಾಲನ್ನು ಮಾತ್ರ ಹೊಗಳುತ್ತಿದ್ದೇವೆ.

ಬೆಂಗಳೂರಿನ ದೊಡ್ಡ ಕಾರ್ಖಾನೆಗಳೂ ಹೀಗೆಯೇ ಮಾಡಿದುವು. ವಿಮಾನದ ಕಾರ್ಖಾನೆ 1940ರಲ್ಲಿ, ಟೆಲಿಫೋನ್ ಕಾರ್ಖಾನೆ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಬಂದುವು. ಅವುಗಳೊಡನೆ ಕಾಲೊನಿಗಳೂ ಬಂದುವು. ದೂರವಾಣಿನಗರ, ಜಾಲಹಳ್ಳಿ ಇವೆಲ್ಲ ಬರಿಯ ಯಂತ್ರಗಳ ಊರುಗಳಲ್ಲ; ಮನೆ, ಶಾಲೆ, ಆಸ್ಪತ್ರೆ, ಆಟದ ಬಯಲು, ಕನ್ನಡ ಸಂಘದ ನಾಟಕ ಎಲ್ಲವೂ ಇದ್ದ ಊರುಗಳು. ಕಾಲೊನಿಯಲ್ಲಿ ಮನೆ ಸಿಕ್ಕದವರಿಗಾಗಿ ಕಾರ್ಖಾನೆಯ ಬಸ್ಸುಗಳು ಬೀದಿಬೀದಿಗೆ ಬರುತ್ತಿದ್ದುವು. ಇದಕ್ಕೂ ಹಿಂದೆ, ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷ್ ಕಂಪನಿಯವರು ಕೂಲಿಗಾರರ ಸಾಲುಮನೆಗಳನ್ನು ಗಣಿಯ ಮಗ್ಗುಲಲ್ಲಿಯೇ ಕಟ್ಟಿದರು. ಅವು ಮನೆಗಳೆನ್ನಿಸಿಕೊಳ್ಳುವುದಕ್ಕೆ ತಕ್ಕುವಾಗಿರಲಿಲ್ಲ, ಕಟ್ಟಿದವರಿಗೆ ಕರುಣೆಯೂ ಇರಲಿಲ್ಲ; ಆದರೆ ದಣಿದು ಬಂದ ಕೂಲಿಗಾರನಿಂದ ಚಿನ್ನ ಬಾರದೆಂಬ ವ್ಯಾಪಾರದ ಬುದ್ಧಿ ಇತ್ತು. ಸೈರನ್ನು ಕೂಗಿದರೆ ಕೇಳಬೇಕು, ಅಷ್ಟು ದೂರದಲ್ಲಿ ಕೆಲಸಗಾರ ಇರಬೇಕು: ಇದೂ ಒಂದು ಕೂಗಳತೆಯೇ. ಕೆಲಸ ಕೊಡುವವನು ದೂರದ ಹೊಣೆಯನ್ನೂ ಹೊರಬೇಕೆಂಬುದು ನಾನು ಹೊಸದಾಗಿ ಹುಟ್ಟಿಸಿದ ಮಾತಲ್ಲ. ಈ ಊರು ಬಹುಕಾಲ ನಡೆಸಿಕೊಂಡು ಬಂದು, ಈಗ ಕೈಬಿಟ್ಟ ಮಾತು. ಕಣ್ಣುಕೋರೈಸುವ ಗಾಜಿನ ಕಟ್ಟಡಗಳನ್ನು ಹೊರವರ್ತುಲ ರಸ್ತೆಯ ಉದ್ದಕ್ಕೂ ಕಟ್ಟಿದವರು ಸಾವಿರಾರು ಕುರ್ಚಿಗಳನ್ನು ಹಾಕಿಸಿದರು. ಆ ಕುರ್ಚಿಯಲ್ಲಿ ಕೂರುವವನು ರಾತ್ರಿ ಎಲ್ಲಿ ಮಲಗುತ್ತಾನೆಂದು ಕೇಳುವುದು ತಮ್ಮ ಕೆಲಸವಲ್ಲ ಎಂದರು.

ಸರ್ಕಾರದವರನ್ನು ಕೇಳಿದರೆ ರಸ್ತೆ ತೋರಿಸುತ್ತಾರೆ. ಮೇಲುಸೇತುವೆ ಆಯಿತು, ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರಿನ ಸುರಂಗದ ಯೋಜನೆಯನ್ನೂ ಹಾಕಿದ್ದಾರೆ. ಮೆಟ್ರೋವನ್ನು ನಾನು ಹಳಿಯುವವನಲ್ಲ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ತೆರೆದಾಗ ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ಬೆಂದವರು ಬಿಟ್ಟ ನಿಟ್ಟುಸಿರು ನಿಜವಾದದ್ದು. ಆದರೆ ವೇಗ ಹೆಚ್ಚಿದಷ್ಟೂ ದಾರಿಯ ಹೊತ್ತು ಇಳಿಯುವುದೆಂಬ ನಂಬಿಕೆಗೆ ಆಧಾರವಿಲ್ಲ. ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿಯವರು 1994ರಲ್ಲಿ ಬರೆದ ಪ್ರಬಂಧವೊಂದುಂಟು. ಯಾಕೊವ್ ಜಹಾವಿ ಎಂಬುವರ ಹಿಂದಿನ ಸಂಶೋಧನೆಯನ್ನು ಆಧರಿಸಿದ್ದು. ಮನುಷ್ಯ ಸರಾಸರಿಯಲ್ಲಿ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾನೆ. ವಾಹನ ವೇಗವಾದರೆ ಹೊತ್ತು ಉಳಿಸುವುದಿಲ್ಲ, ಇನ್ನೂ ದೂರ ಹೋಗುತ್ತಾನೆ, ಊರು ಅಷ್ಟಕ್ಕಷ್ಟು ಹಿಗ್ಗುತ್ತದೆ ಎಂಬುದು ಅದರ ತಿರುಳು. ಕೆಂಪೇಗೌಡರ ಪೇಟೆಯನ್ನು ನೆನೆದುಕೊಂಡರೆ ಇದು ಹೊಂದುತ್ತದೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಲ್ಲವನ್ನೂ ನಡೆದೇ ಅರ್ಧ ಗಂಟೆಯಲ್ಲಿ ದಾಟಬಹುದಾಗಿತ್ತು. (ಆ ಕಾಲಕ್ಕೆ ಹಿಂದಿರುಗೋಣವೆಂದು ನಾನು ಹೇಳುತ್ತಿಲ್ಲ. ಅಂದು ಕಸುಬೂ ಬೀದಿಯೂ ಹುಟ್ಟಿನಿಂದಲೇ ಗೊತ್ತಾಗುತ್ತಿದ್ದುವು. ಆ ಹತ್ತಿರ ನಮಗೆ ಬೇಡ.) 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದಾಗ ಮೂರು ಗಂಟೆಯ ದಾರಿ 75 ನಿಮಿಷಕ್ಕಿಳಿಯಿತೆಂದು ಸಾರಿದರು. ಮರುದಿನದಿಂದಲೇ ಹೆದ್ದಾರಿಯ ಬದಿಯಲ್ಲಿ ನಿವೇಶನ ಮಾರುವವರು ‘ಇಷ್ಟೇ ನಿಮಿಷ’ ಎಂಬ ಹಲಗೆ ಬರೆಸತೊಡಗಿದರು. ಉಳಿದ ನಿಮಿಷಗಳನ್ನು ನೌಕರನ ಕೈಗೆ ಕೊಡಲಿಲ್ಲ. ಅವನನ್ನು ಇನ್ನೂ ಎರಡು ಊರು ಆಚೆಗೆ ತಳ್ಳುವುದಕ್ಕೆ ಬಳಸಿಕೊಂಡರು.

ಹಾಗಾದರೆ ಎಷ್ಟು ದಾರಿ ಸರಿ? ನಾನು ಅಂಜದೆ ಹೇಳುತ್ತೇನೆ: ಒಂದು ಕಡೆಗೆ ಅರ್ಧ ಗಂಟೆ. ಮುಕ್ಕಾಲಾದರೆ ಮುಖ ಸಿಂಡರಿಸಿಕೊಂಡು ಒಪ್ಪಬಹುದು. ಅದಕ್ಕೆ ಮೇಲ್ಪಟ್ಟ ಪ್ರತಿಯೊಂದು ನಿಮಿಷವನ್ನೂ ಕೆಲಸದ ಹೊತ್ತಿನೊಳಗೆ ಎಣಿಸಬೇಕು. ಹಣವಾಗಿ ಕೊಡಲಿ ಎನ್ನುತ್ತಿಲ್ಲ, ಹೊತ್ತಾಗಿ ಕೊಡಲಿ. ಒಂದೂವರೆ ಗಂಟೆ ದೂರದಿಂದ ಬಂದವನು ಎಂಟು ಗಂಟೆಯ ಬದಲು ಆರೂವರೆ ಗಂಟೆ ಕಚೇರಿಯಲ್ಲಿದ್ದು ಹೊರಡಲಿ. ಇದು ಹುಚ್ಚು ಮಾತೆಂದು ನಗುವವರು ಯೂರೋಪಿನ ನ್ಯಾಯಾಲಯ 2015ರಲ್ಲಿ ಕೊಟ್ಟ ತೀರ್ಪೊಂದನ್ನು ನೋಡಬಹುದು. ಗೊತ್ತಾದ ಕಚೇರಿಯಿಲ್ಲದೆ ಗಿರಾಕಿಗಳ ಮನೆಯಿಂದ ಮನೆಗೆ ಅಲೆಯುವ ನೌಕರರಿಗೆ, ಬೆಳಗ್ಗೆ ತಮ್ಮ ಮನೆಯಿಂದ ಮೊದಲ ಗಿರಾಕಿಯ ಬಳಿಗೆ ಹೋಗುವ ಹೊತ್ತೂ, ಸಂಜೆ ಕೊನೆಯ ಗಿರಾಕಿಯಿಂದ ಮನೆಗೆ ಬರುವ ಹೊತ್ತೂ ಕೆಲಸದ ಹೊತ್ತೇ ಎಂದು ಅದು ಹೇಳಿತು. ಎಲ್ಲ ನೌಕರರಿಗೂ ಅದು ಅನ್ವಯಿಸುವುದಿಲ್ಲವೆಂಬುದು ಸರಿ. ಬಾಗಿಲು ಒಂದು ಕಡೆ ತೆರೆದಿದೆ ಎಂದಷ್ಟೇ ನಾನು ಹೇಳುವುದು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ದಾರಿಯನ್ನು ಲೆಕ್ಕಕ್ಕೆ ಹಿಡಿದರೆ ಎಲ್ಲರೂ ತುಮಕೂರಿನಲ್ಲಿ ತೋಟ ಕೊಂಡು, ಕಚೇರಿಗೆ ಬಂದು ಕಾಫಿ ಕುಡಿದು ಹೋಗುತ್ತಾರೆ. ಇಲ್ಲವೆ ಕೆಲಸ ಕೊಡುವವರು ದೂರದ ಮನೆಯವರನ್ನು ಸೇರಿಸಿಕೊಳ್ಳುವುದನ್ನೇ ಬಿಡುತ್ತಾರೆ. ಎರಡೂ ಆಗಬಹುದಾದ್ದೇ. ಆದ್ದರಿಂದ ಅಳತೆ ನೌಕರನ ಮನೆಯಿಂದ ಆರಂಭವಾಗಬಾರದು. ಕೊಡುವ ಸಂಬಳದ ಮೂರರಲ್ಲೊಂದು ಪಾಲಿಗೆ ಎರಡು ಕೋಣೆಯ ಮನೆ ಕಚೇರಿಯಿಂದ ಎಷ್ಟು ದೂರದಲ್ಲಿ ಸಿಕ್ಕುತ್ತದೆ ಎಂಬುದನ್ನು ನೋಡಿ, ಅಲ್ಲಿಂದ ಅಳೆಯಬೇಕು. ಸಿಕ್ಕುವ ಜಾಗ ಅರ್ಧ ಗಂಟೆಯೊಳಗಿದ್ದರೆ, ಅದರಾಚೆ ತೋಟ ಮಾಡಿಕೊಂಡದ್ದು ನೌಕರನ ಇಷ್ಟ; ಒಪ್ಪಿದೆ. ಒಂದೂವರೆ ಗಂಟೆಯೊಳಗೆ ಸಿಕ್ಕದಿದ್ದರೆ, ದೂರವನ್ನು ಹುಟ್ಟಿಸಿದವನು ನೌಕರನಲ್ಲ, ಆ ಸಂಬಳವನ್ನು ಆ ಜಾಗದಲ್ಲಿ ಗೊತ್ತುಮಾಡಿದವನು. ಹೀಗೆ ಅಳೆದರೆ ಯಾರ ಮನೆ ಎಲ್ಲಿದೆ ಎಂದು ಸಂದರ್ಶನದಲ್ಲಿ ಕೇಳುವ ಅಗತ್ಯವೇ ಇರುವುದಿಲ್ಲ.

ಒಡೆಯರಿಗೆ ಈ ಹೊತ್ತಿನ ಬೆಲೆ ತಿಳಿಯದೆಂದು ಯಾರೂ ಭಾವಿಸಬೇಡಿ. 2025ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಂಪನಿಯೊಂದರ ಮುಖ್ಯಸ್ಥರು, ತಮ್ಮ ಜನ ಒಂದು ಕಡೆಗೇ ಒಂದೂವರೆ ಗಂಟೆಗೆ ಮೇಲ್ಪಟ್ಟು ದಾರಿಯಲ್ಲಿ ಕಳೆಯುತ್ತಿದ್ದಾರೆಂದು ಹೇಳಿ, ಅಲ್ಲಿಂದ ಕಚೇರಿ ತೆಗೆಯುವುದಾಗಿ ಪ್ರಕಟಿಸಿದರು. ನಾಡಿನಲ್ಲೆಲ್ಲ ಕೋಲಾಹಲವಾಯಿತು. ಗುಂಡಿಗಳ ಲೆಕ್ಕವಾಯಿತು, ನೆರೆರಾಜ್ಯದವರು ನಮ್ಮಲ್ಲಿಗೆ ಬನ್ನಿರೆಂದು ಕರೆದರು, ಮಂತ್ರಿಗಳು ಉತ್ತರ ಕೊಟ್ಟರು. ಕಂಪನಿ ಹೋಗಿಬಿಡುತ್ತದಲ್ಲಾ ಎಂಬುದು ಎಲ್ಲರ ಚಿಂತೆ. ಇಷ್ಟು ದಿನ ಆ ಮೂರು ಗಂಟೆ ಕಳೆದುಕೊಂಡವರಿಗೆ ಏನು ಸಲ್ಲಬೇಕು ಎಂಬ ಮಾತನ್ನು ಆ ಗದ್ದಲದಲ್ಲಿ ನಾನು ಎಲ್ಲಿಯೂ ಕೇಳಲಿಲ್ಲ. 2020ರ ಸಾಂಕ್ರಾಮಿಕದ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಿಸಿ, ಎಷ್ಟೋ ಕೆಲಸಗಳಿಗೆ ಈ ದಾರಿಯೇ ಬೇಕಿಲ್ಲವೆಂದು ತೋರಿಸಿಕೊಟ್ಟವರೂ ಇವರೇ. ಕಾಯಿಲೆ ಇಳಿದ ಮೇಲೆ ಬನ್ನಿರೆಂದು ಮತ್ತೆ ಕರೆದವರೂ ಇವರೇ.

ಹೆಂಗಸರ ಪಾಡು ಬೇರೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿಲ್ಲ. ದೊಡ್ಡ ಉಪಕಾರ, ಎಷ್ಟೋ ಮಂದಿ ಅದರಿಂದಾಗಿಯೇ ಕೆಲಸಕ್ಕೆ ಹೊರಟರು. ಆದರೆ ಹಣ ಉಳಿಯಿತೇ ಹೊರತು ಹೊತ್ತು ಉಳಿಯಲಿಲ್ಲ. ಗಂಡಸು ಎಂಟಕ್ಕೆ ಮನೆ ಸೇರಿ ಕಾಲು ಚಾಚುತ್ತಾನೆ. ಹೆಂಗಸು ಎಂಟಕ್ಕೆ ಸೇರಿ ಒಲೆ ಹಚ್ಚುತ್ತಾಳೆ. ಅದಕ್ಕಾಗಿಯೇ ದೂರ ಹೆಚ್ಚಾದಾಗ ಮೊದಲು ಕೆಲಸ ಬಿಡುವವಳು ಅವಳು. ಬಿಟ್ಟಾಗ ಬರೆದುಕೊಡುವ ಕಾರಣವನ್ನು ಮೊದಲೇ ಹೇಳಿದ್ದೇನೆ.

ಇಷ್ಟೆಲ್ಲ ಬರೆದವನ ಮನೆ ಎಲ್ಲಿ ಎಂದು ವಾಚಕರು ಕೇಳಿದರೆ ನ್ಯಾಯವೇ. ನನ್ನ ಮನೆಯಿಂದ ಕಾಲೇಜಿಗೆ ಹನ್ನೆರಡು ನಿಮಿಷದ ನಡಿಗೆ. ನನ್ನ ತಂದೆ ಅಗ್ಗದ ಕಾಲದಲ್ಲಿ ಕೊಂಡ ನಿವೇಶನ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ಸಂದರ್ಶನದ ದಿನ ಆ ಪ್ರಶ್ನೆಗೆ ತಲೆಯಾಡಿಸಿದವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡುವುದಿಲ್ಲ. ಕಾನೂನು ನಮ್ಮ ಕೈಯಲ್ಲಿಲ್ಲ, ಸಂಬಳವೂ ಇಲ್ಲ; ಆದರೆ ವೇಳಾಪಟ್ಟಿ ನಮ್ಮ ಕೈಯಲ್ಲಿದೆ. ಒಂದು ಗಂಟೆಗಿಂತ ಹೆಚ್ಚು ದೂರದಿಂದ ಬರುವ ಅಧ್ಯಾಪಕರಿಗೆ ಬೆಳಗಿನ ಮೊದಲ ಪಾಠವನ್ನೂ ಸಂಜೆಯ ಕೊನೆಯ ಪಾಠವನ್ನೂ ಹಾಕಬಾರದೆಂದು ಅಧ್ಯಾಪಕರ ಸಭೆಯಲ್ಲಿ ಸೂಚನೆ ಮಂಡಿಸಿದೆ. ಪಕ್ಕದ ಬೀದಿಯ ನನ್ನ ಸಹೋದ್ಯೋಗಿಯೊಬ್ಬರು ಎದ್ದು ನಿಂತು, ಹತ್ತಿರ ಮನೆ ಮಾಡಿದ ತಪ್ಪಿಗೆ ಆ ಪಾಠಗಳೆಲ್ಲ ನಮ್ಮ ತಲೆಗೆ ಬೀಳಬೇಕೇ ಎಂದರು. ಅವರ ಮಾತು ಸುಳ್ಳೆಂದು ಹೇಳಲಾಗಲಿಲ್ಲ. ಸಭೆ ನಿರ್ಧಾರವಿಲ್ಲದೆ ಮುಗಿಯಿತು; ಪ್ರಾಂಶುಪಾಲರು ಹೊಸ ವೇಳಾಪಟ್ಟಿಯ ಸಮಯಕ್ಕೆ ನೋಡೋಣವೆಂದಿದ್ದಾರೆ. ವಾರದ ಮೊದಲ ಪಾಠಗಳಲ್ಲಿ ಮೂರನ್ನು ನಾನೇ ತೆಗೆದುಕೊಳ್ಳುತ್ತೇನೆಂದು ಅವರಿಗೆ ಬರೆದುಕೊಟ್ಟಿದ್ದೇನೆ.